ನಡು ತಪ್ಪಿದ ರೆಕಾರ್ಡು

ನಮ್ಮ ದೊಡ್ಡಮ್ಮನಿಗೆ ಮನೆಮಂದಿಯೆಲ್ಲ ಸೇರಿ ಇಟ್ಟ ಹೆಸರು ಇನ್‌ಸ್ಪೆಕ್ಟರ್. ಯಾರ ಮನೆಗೆ ಹೋಗಲಿ, ಮೊದಲು ಅವಳ ಕಣ್ಣು ಓಡುವುದು ಗೋಡೆಯ ಮೇಲಿನ ಫೋಟೋಗಳ ಕಡೆಗೆ. ಕೂದಲೆಳೆಯಷ್ಟು ವಾಲಿದ್ದರೂ ಆಯಿತು, ಕುರ್ಚಿ ಎಳೆದು ಹತ್ತಿ ಸರಿ ಮಾಡಿಯೇ ಕೂರುವವಳು. ನನ್ನ ಗಂಡನ ಮನೆಗೆ ಮೊದಲ ಸಲ ಬಂದಾಗ ತೀರಿಹೋದ ಮಾವನವರ ಫೋಟೋದ ಮುಂದೆ ಹೋಗಿ ನಿಂತಳು. ಅತ್ತೆಯವರು, ಪಾಪ, ಎಂಥ ಭಕ್ತಿ ಎಂದು ಕಣ್ಣೊರೆಸಿಕೊಂಡರು. ಇವಳು ಫೋಟೋದ ಮೂಲೆ ಹಿಡಿದು ಎಡಕ್ಕೆ ಚೂರು ತಳ್ಳಿ, "ಈಗ ಸರಿಯಾಯ್ತು ನೋಡಿ" ಎಂದಳು. ಆ ದಿನದಿಂದ ಅತ್ತೆಯವರಿಗೆ ಇವಳನ್ನು ಕಂಡರೆ ಅಷ್ಟಕ್ಕಷ್ಟೆ.

ನನ್ನದು ಕನ್ನಡಕದ ಅಂಗಡಿ. ಮುಂದುಗಡೆ ಗಾಜಿನ ಬೀರು, ಫ್ರೇಮುಗಳು, ಗಿರಾಕಿಗಳೊಂದಿಗೆ ಹಲ್ಲು ಕಿರಿಯುವ ನಾನು. ಹಿಂದುಗಡೆ ಕಿಟಕಿ ಪಕ್ಕದಲ್ಲಿ ಗಾಜು ಉಜ್ಜುವ ಯಂತ್ರ, ನೀರಿನ ತೊಟ್ಟಿ, ದೊಡ್ಡಮ್ಮ. ಕೆಲಸ ಕಲಿಸಿದವಳೂ ಅವಳೇ, ನನ್ನನ್ನು ಬೆಳೆಸಿದವಳೂ ಹೆಚ್ಚುಕಡಿಮೆ ಅವಳೇ. ಅವಳು ಮದುವೆಯಾಗಲಿಲ್ಲ. ತಂಗಿಯನ್ನು, ಅಂದರೆ ನನ್ನಮ್ಮನನ್ನು, ಓದಿಸಿದಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದಳು. ಈಗ ನಮ್ಮ ಜೊತೆಗೇ ಇದ್ದಾಳೆ.

ಕನ್ನಡಕದ ಗಾಜಿಗೆ ನಡು ಎಂದೊಂದು ಇರುತ್ತದೆ. ಅದು ಕಣ್ಣಿನ ಪಾಪೆಗೆ ನೇರವಾಗಿ ಬರಬೇಕು. ಆಚೀಚೆಯಾದರೆ ನಂಬರು ಸರಿಯಿದ್ದರೂ ತಲೆನೋವು ತಪ್ಪಿದ್ದಲ್ಲ. ಆ ನಡುವಿಗೆ ಶಾಯಿಯಲ್ಲಿ ಚುಕ್ಕೆ ಇಡುವುದು ದೊಡ್ಡಮ್ಮನ ಕೆಲಸ. ಇಟ್ಟು, ಒರೆಸಿ, ಮತ್ತೆ ಇಟ್ಟು, ಮತ್ತೆ ನೋಡಿ... ಹೊರಗೆ ಗಿರಾಕಿ ಗಡಿಯಾರ ನೋಡುತ್ತಿರುತ್ತಾನೆ, ಒಳಗೆ ಇವಳು ಧ್ಯಾನಕ್ಕೆ ಕೂತಿರುತ್ತಾಳೆ.

"ದೊಡ್ಡಮ್ಮ, ಜನ ಕಾಯ್ತಿದಾರೆ ಕಣೇ. ಬೇಗ ಮುಗಿಸಬಾರದಾ?"

"ಕಾಯಲಿ. ಕಣ್ಣು ಅವರದು. ತಪ್ಪಾದ್ರೆ ಪಾಪ ನಮ್ಮದು."

ಇದು ಅವಳ ಹುಟ್ಟುಗುಣ, ಇನ್ನು ಸುಟ್ಟರೂ ಹೋಗುವುದಿಲ್ಲ ಎಂದುಕೊಂಡು ನಾನು ಹಲ್ಲು ಕಚ್ಚಿ ಸುಮ್ಮನಾಗುತ್ತಿದ್ದೆ. ಹುಟ್ಟುಗುಣವಲ್ಲ ಅದು, ಅವಳು ತನಗೆ ತಾನೇ ವಿಧಿಸಿಕೊಂಡಿದ್ದ ಶಿಕ್ಷೆ ಎಂದು ನನಗೆ ತಿಳಿದದ್ದು ಮೊನ್ನೆ ಮೊನ್ನೆ.

ಕನ್ನಡಕಕ್ಕೆ ಬರುವ ಮುಂಚೆ ಅವಳು ರೆಕಾರ್ಡು ಅಚ್ಚು ಹಾಕುವ ಕಾರ್ಖಾನೆಯಲ್ಲಿ ಇದ್ದಳು. ಅದು ಮುಚ್ಚಿ ಯಾವುದೋ ಕಾಲವಾಯಿತು. ಆ ಕಾಲದ ಬಗ್ಗೆ ಕೇಳಿದರೆ "ಕೆಲಸ ಇತ್ತು, ಮಾಡ್ತಿದ್ದೆ" ಎಂಬಷ್ಟೇ ಉತ್ತರ. ರೇಡಿಯೋದಲ್ಲಿ ಹಳೆಯ ಹಾಡು ಬಂದರೆ ಎದ್ದು ಹೋಗಿ ಬಟ್ಟೆ ಮಡಚಲು ನಿಲ್ಲುತ್ತಿದ್ದಳು. ಸಂಗೀತವೆಂದರೆ ಇವಳಿಗೆ ಆಗಿಬರುವುದಿಲ್ಲ ಎಂದು ನಾನು ತೀರ್ಮಾನ ಮಾಡಿದ್ದೆ.

ನನ್ನ ಹಣೆಗೆ ಅಂಟಿಕೊಂಡವರೋ, ಹಾಡಿನ ಹುಚ್ಚರು. ನಮ್ಮ ಮನೆಯವರಿಗೆ ಲಿಫ್ಟು ರಿಪೇರಿಯ ಕೆಲಸ. ದಿನವಿಡೀ ಲಿಫ್ಟಿನ ಗುಂಡಿಯಲ್ಲಿ ಗ್ರೀಸು ಮೆತ್ತಿಕೊಂಡು, ಸಂಜೆ ಕೈ ತೊಳೆದು, ಸೋಲ್, ರಿದಮ್ ಅಂಡ್ ಬ್ಲೂಸ್ ಎಂಬ ಹಳೆಯ ಕುಣಿತದ ಹಾಡುಗಳ ರೆಕಾರ್ಡು ತೆಗೆದು ಧೂಳು ಒರೆಸುತ್ತ ಕೂರುತ್ತಾರೆ. ಹೆಂಡತಿಯ ತಲೆ ನೇವರಿಸಲು ಪುರುಸೊತ್ತಿಲ್ಲದ ಕೈ ರೆಕಾರ್ಡನ್ನು ಹಸುಗೂಸಿನ ಹಾಗೆ ಎತ್ತಿಕೊಳ್ಳುತ್ತದೆ. ತಿಂಗಳಿಗೊಮ್ಮೆ ರೈಲ್ವೆ ಕಾರ್ಮಿಕರ ಸಂಘದ ಹಾಲಿನಲ್ಲಿ ಇಂಥ ಹುಚ್ಚರೆಲ್ಲ ಸೇರುತ್ತಾರೆ. ಮರದ ನೆಲಕ್ಕೆ ಪೌಡರ್ ಉದುರಿಸಿ, ಕಾಲು ಜಾರಿಸಿ ಜಾರಿಸಿ ಕುಣಿಯುತ್ತಾರೆ. ನಿವೃತ್ತ ಪೋಸ್ಟ್‌ಮನ್, ಬೇಕರಿಯವನು, ಕಾಲೇಜು ಹುಡುಗಿಯರು, ಮಂಡಿಗೆ ಪಟ್ಟಿ ಕಟ್ಟಿಕೊಂಡು ಬರುವ ನರ್ಸು, ಎಲ್ಲ ಜಾತಿಯವರೂ ಅಲ್ಲಿದ್ದಾರೆ.

ಹಾಡಿದವರಲ್ಲಿ ಅರ್ಧ ಜನ ಮಣ್ಣು ಸೇರಿದ್ದಾರೆ, ಇದರಲ್ಲಿ ಏನಿದೆ ಮಹಾ ಎಂದು ನಾನೂ ಮೊದಮೊದಲು ಮೂಗು ಮುರಿದವಳೇ. ಒಂದು ದಿನ ಸಿಟ್ಟಿನಲ್ಲೇ ಜೊತೆಗೆ ಹೋಗಿ ಗೋಡೆಗೆ ಒರಗಿ ಕೂತೆ. ಹಾಡುವವಳ ಗಂಟಲಲ್ಲಿ ಅಳು. ಕೆಳಗಿನ ಡ್ರಮ್ಮು, ಗಿಟಾರು ಮಾತ್ರ ಏಳು, ಕುಣಿ ಎನ್ನುತ್ತಿವೆ. ಅತ್ತು ಮುಗಿದ ಮೇಲೆ ಅಡುಗೆ ಮಾಡಬೇಕಲ್ಲ, ಬಸ್ಸು ಹಿಡಿಯಬೇಕಲ್ಲ! ಆ ವಿಷಯ ಈ ಹಾಡುಗಳಿಗೆ ಚೆನ್ನಾಗಿ ಗೊತ್ತು. ಹೊಸ ಹಾಡು ಕೇಳಿದರೆ ಹೊಗಳಬೇಕೆನಿಸುತ್ತದೆ. ಇವನ್ನು ಕೇಳಿದರೆ ನನ್ನ ಕಷ್ಟ ಇನ್ಯಾರಿಗೋ ಮೊದಲೇ ಆಗಿಹೋಗಿದೆ, ಅವರು ಅದನ್ನು ನುಂಗಿಕೊಂಡು ಬದುಕಿದ್ದಾರೆ ಅನ್ನಿಸುತ್ತದೆ. ಅದಕ್ಕೇ ಇವು ಹಳತಾಗುವುದಿಲ್ಲ. ನಾನೂ ಎದ್ದು ಕುಣಿದೆ. ಸೊಂಟ ಹಿಡಿದುಕೊಂಡಿತು, ಆ ಮಾತು ಬೇರೆ.

ಒಂದು ದಿನ ಮಧ್ಯಾಹ್ನ ನಮ್ಮ ಮನೆಯವರು ಕುಣಿಯುತ್ತಲೇ ಅಂಗಡಿಗೆ ಬಂದರು. ಮುಚ್ಚಿಹೋದ ಕ್ಷೌರದ ಅಂಗಡಿಯೊಂದರ ಸಾಮಾನಿನಲ್ಲಿ ಅವರು ವರ್ಷಗಟ್ಟಲೆ ಹುಡುಕುತ್ತಿದ್ದ ರೆಕಾರ್ಡು ಸಿಕ್ಕಿತ್ತು. ಹಾಲಿನಲ್ಲಿ ಆ ಹಾಡಿಗೆ ಜನ ಪ್ರಾಣ ಬಿಡುತ್ತಾರೆ. ಅಲ್ಲಿ ನುಡಿಸುವುದು ಯಾರದೋ ಕಡ ತಂದ ಪ್ರತಿ. ಈಗ ಇವರಿಗೆ ಸ್ವಂತದ್ದೇ ಸಿಕ್ಕಿದೆ. ಸೂಟ್‌ಕೇಸಿನಂಥ ಸಣ್ಣ ಪ್ಲೇಯರನ್ನು ದೊಡ್ಡಮ್ಮನ ಮೇಜಿನ ತುದಿಯಲ್ಲೇ ಇಟ್ಟು ಮುಳ್ಳು ಇಳಿಸಿದರು.

ಮೊದಲಿಗೆ ಸ್ವರ ಹಿಡಿಯುವ ವಾದ್ಯವಿಲ್ಲ. ಚಪ್ಪಾಳೆ, ಡ್ರಮ್ಮು, ಒಬ್ಬ ಹುಡುಗಿಯ ದನಿ. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸುತ್ತಿದೆ, ಅದು ನಿನ್ನದಲ್ಲ ಎಂಬ ಅರ್ಥದ ಹಾಡು. ಪ್ರತಿ ಸಾಲಿನ ಕೊನೆಯಲ್ಲಿ ದನಿಯನ್ನು ಉದ್ದಕ್ಕೆ ಎಳೆಯುತ್ತಾಳೆ. ಎಳೆದಾಗ ಅದು ಮೆಲ್ಲಗೆ ಏರಿ, ಇಳಿದು, ಏರಿ, ಇಳಿದು ನಡುಗುತ್ತದೆ.

"ಕೇಳಿ, ಕೇಳಿ, ಈ ನಡುಕ ಕೇಳಿ! ಇನ್ನೇನು ಬಿದ್ದುಹೋಗ್ತಾಳೆ ಅನ್ಸುತ್ತಲ್ವಾ? ಇದಕ್ಕೇ ದೊಡ್ಡಮ್ಮ, ಜನ ಕಣ್ಣು ಮುಚ್ಚಿಕೊಂಡು ನಿಂತುಬಿಡ್ತಾರೆ" ಎಂದರು ನಮ್ಮ ಮನೆಯವರು.

ದೊಡ್ಡಮ್ಮನ ಕೈಯಲ್ಲಿದ್ದ ಗಾಜು ನೆಲಕ್ಕೆ ಬಿತ್ತು. ಅವಳ ಕೈಯಿಂದ ಗಾಜು ಬಿದ್ದದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಚೂರುಗಳನ್ನು ಗುಡಿಸಲೂ ಇಲ್ಲ, ಚಪ್ಪಲಿ ಮೆಟ್ಟಿ ಹೊರಗೆ ಹೋದಳು.

ಆಮೇಲಿನ ದಿನಗಳಲ್ಲಿ ಅವಳು ಅವಳಾಗಿರಲಿಲ್ಲ. ಚುಕ್ಕೆ ಇಟ್ಟು ಒರೆಸುವುದು, ಇಟ್ಟು ಒರೆಸುವುದು. ಮುಗಿದ ಗಾಜನ್ನು ನನ್ನ ಕೈಗೆ ಕೊಟ್ಟು "ನೀನೊಂದ್ಸಲ ನೋಡೇ" ಎನ್ನುವಳು. ವಯಸ್ಸಾಯಿತು, ಕಣ್ಣು ಹೋಗುತ್ತಿದೆ ಎಂದುಕೊಂಡೆ. ಡಾಕ್ಟರ ಹತ್ತಿರ ಹೋಗೋಣ ಎಂದರೆ ನನ್ನ ಮೇಲೇ ರೇಗಿದಳು.

ಅಷ್ಟರಲ್ಲಿ ಹಾಲಿನವರು ಇನ್ನೊಂದು ಸಾಹಸ ಮಾಡಿದರು. ಆ ಒಂದು ರೆಕಾರ್ಡು ಬಂದ ಮೇಲೆ ಹಾಡುಗಾರ್ತಿ ಪತ್ತೆಯೇ ಇರಲಿಲ್ಲ. ಈಗ ವಿಚಾರಿಸಿ ವಿಚಾರಿಸಿ, ಹೊಳೆಯಾಚೆ ಬಡಾವಣೆಯಲ್ಲಿ ಉಲ್ಲನ್ ಅಂಗಡಿ ಇಟ್ಟುಕೊಂಡಿದ್ದಾರೆ ಎಂದು ಪತ್ತೆ ಹಚ್ಚಿದರು. ಕರೆಸಿ, ಹಾರ ಹಾಕಿ, ಹಾಡಿಸಬೇಕು ಎಂದು ಹುರುಪು. ಫೋನು ಮಾಡುವ ಕೆಲಸ ನಮ್ಮ ಮನೆಯವರ ಪಾಲಿಗೆ ಬಂತು. ಮಾಡಿದರು. ರಾತ್ರಿ ಊಟಕ್ಕೆ ಕೂತಾಗ ಮುಖ ಸಪ್ಪಗಾಗಿತ್ತು.

"ಬೈದುಬಿಟ್ರು ಕಣೇ. 'ಶ್ರುತಿ ತಪ್ಪಿ ಹಾಡಿದ್ದನ್ನ ಹಾಕ್ಕೊಂಡು ಕುಣೀತೀರಾ? ಒಂದ್ಸಲ ನಗೆಪಾಟಲಾಗಿದ್ದು ಸಾಲದಾ? ವಯಸ್ಸಾದ ಹೆಂಗಸನ್ನ ಸ್ಟೇಜ್ ಮೇಲೆ ಕೂರಿಸಿ ಇನ್ನೊಂದ್ಸಲ ನಗಬೇಕಾ?' ಅಂದ್ರು. ನಾನು ಬಾಯಿ ಬಿಡೋಕೆ ಮುಂಚೆ ಇಟ್ಟೇಬಿಟ್ರು."

ದೊಡ್ಡಮ್ಮ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದಳು. "ಇನ್ನೂ ಹಾಗೇ ಅಂದ್ಕೊಂಡಿದಾಳಾ?" ಎಂದಳು. ನಮಗೆ ಆ ಮಾತಿನ ತಲೆಬುಡ ಗೊತ್ತಾಗಲಿಲ್ಲ.

ಮರುದಿನ ಅಂಗಡಿಯ ಬಾಗಿಲು ತೆಗೆಯುವ ಮುಂಚೆ, ಗಾಜು ಉಜ್ಜುವ ಯಂತ್ರದ ಪಕ್ಕ ನಿಂತು, ನನ್ನ ಮುಖ ನೋಡದೆ ಎಲ್ಲವನ್ನೂ ಹೇಳಿದಳು.

ಕಾರ್ಖಾನೆಯಲ್ಲಿ ಅವಳದು ತೂತು ಹೊಡೆಯುವ ಕೆಲಸ. ಹಾಡನ್ನು ಮೊದಲು ಲೋಹದ ತಗಡಿನ ಅಚ್ಚಿಗೆ ಇಳಿಸುತ್ತಾರೆ. ಆ ಅಚ್ಚಿನಿಂದ ರೆಕಾರ್ಡುಗಳನ್ನು ಒತ್ತುತ್ತಾರೆ. ಅಚ್ಚಿನ ಮೇಲಿನ ಗೆರೆ ಒಂದು ಸುರುಳಿ. ಆ ಸುರುಳಿಗೆ ಸರಿಯಾಗಿ ನಡುವಿನಲ್ಲಿ ತೂತು ಬೀಳಬೇಕು. ಬಿದ್ದಿಲ್ಲವೋ, ರೆಕಾರ್ಡು ತಿರುಗುವಾಗ ಗೆರೆ ಮುಳ್ಳಿನ ಕೆಳಗೆ ಒಮ್ಮೆ ಬೇಗ, ಒಮ್ಮೆ ನಿಧಾನ ಓಡುತ್ತದೆ. ದನಿ ಏರುತ್ತದೆ, ಇಳಿಯುತ್ತದೆ. ಅದಕ್ಕೇ ಹೊಡೆಯುವವಳು ತಗಡನ್ನು ತಿರುಗಿಸುತ್ತ, ಭೂತಗನ್ನಡಿಯಲ್ಲಿ ಗೆರೆಯನ್ನು ನೋಡುತ್ತ, ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ತಟ್ಟಿ, ಗೆರೆ ಅಲ್ಲಾಡುವುದು ನಿಂತ ಮೇಲೆಯೇ ಒತ್ತಬೇಕು.

"ದೊಡ್ಡ ಕಂಪನಿ ಅಚ್ಚಾದ್ರೆ ತಟ್ಟಿ ತಟ್ಟಿ ನಿಲ್ಲಿಸ್ತಿದ್ವಿ. ಇದು ಪುಟಗೋಸಿ ಕಂಪನಿ. ಹಾಡಿದೋಳು ಯಾರೋ ಹೆಸರಿಲ್ಲದ ಹುಡುಗಿ. ಗೆರೆ ಅಲ್ಲಾಡ್ತಿತ್ತು ಕಣೇ. ನಂಗೆ ಕಾಣ್ತಿತ್ತು. ಇಷ್ಟು ಯಾರಿಗೆ ಗೊತ್ತಾಗುತ್ತೆ ಅಂತ ಒತ್ತಿಬಿಟ್ಟೆ."

"ಅಯ್ಯೋ, ಅಷ್ಟೇನಾ! ಕೆಲಸ ಅಂದ ಮೇಲೆ ತಪ್ಪಾಗಲ್ವಾ? ಇಷ್ಟಕ್ಕೆ ಈ ವಯಸ್ಸಲ್ಲಿ..."

"ಪೂರ್ತಿ ಕೇಳು. ಬಾಯಿ ಹಾಕ್ಬೇಡ." ಅವಳ ದನಿ ಗಡುಸಾಯಿತು. "ಮೊದಲನೇ ರೆಕಾರ್ಡು ಕೇಳಿ ಮೇಸ್ತ್ರಿ ನನ್ನ ಹತ್ರ ಬಂದ್ರು. 'ಏನಮ್ಮಾ, ದನಿ ಅಲ್ಲಾಡ್ತಾ ಇದೆ, ನಡು ಸರಿಯಾಗಿ ನೋಡಿದ್ಯಾ?' ಅಂದ್ರು. ನೋಡಿದೀನಿ ಸಾರ್, ನಡು ಸರಿ ಇದೆ, ಹಾಡಿದೋಳೇ ಹಾಗೆ ಹಾಡಿದಾಳೆ ಅಂದೆ."

ನೀರಿನ ತೊಟ್ಟಿಯ ಅಂಚನ್ನು ಬೆರಳಿನಿಂದ ಒರೆಸುತ್ತ ಮುಂದುವರಿಸಿದಳು.

"ಅದಕ್ಕೆ ಸ್ವಲ್ಪ ಮುಂಚೆ ಅಚ್ಚು ಕೆಡಿಸಿದ್ಲು ಅಂತ ಒಬ್ಬಳನ್ನ ಮನೆಗೆ ಕಳಿಸಿದ್ರು. ನಿಮ್ಮಮ್ಮ ಇನ್ನೂ ಓದ್ತಿದ್ಲು. ಮೇಸ್ತ್ರಿ ನನ್ನ ಮಾತು ನಂಬಿದ್ರು. ನನ್ನ ಕೈ ಮೇಲೆ ಅವರಿಗೆ ಅಷ್ಟು ನಂಬಿಕೆ. ಇದ್ದ ಬದ್ದ ರೆಕಾರ್ಡೆಲ್ಲ ಆ ಒಂದೇ ಅಚ್ಚಲ್ಲಿ ಒತ್ತಿ ಕಳಿಸಿದ್ರು. ಆಮೇಲೆ ಒಂದು ದಿನ ಆ ಕಂಪನಿಯವನು ಆಫೀಸಿಗೆ ಬಂದ. ಜೊತೆಗೆ ಆ ಹುಡುಗಿ. ರೆಕಾರ್ಡನ್ನ ಎದೆಗೆ ಅವುಚಿಕೊಂಡು ನಿಂತಿದ್ಲು. ನಾನು ಗಾಜಿನ ಬಾಗಿಲಾಚೆ ಇದ್ದೆ. 'ಕಾರ್ಖಾನೆಯವರೇ ಹೇಳ್ತಿದಾರಲ್ಲ, ತಪ್ಪು ಅಚ್ಚಿಂದಲ್ಲ, ನಿನ್ನ ಗಂಟಲಿಂದು' ಅಂತ ಅವನು ಅವಳಿಗೆ ಹೇಳ್ತಿದ್ದ. ಬಾಗಿಲು ತಳ್ಳಿ ಒಳಗೆ ಹೋಗಿ ಒಂದು ಮಾತು ಹೇಳಿದ್ರೆ ಆಗ್ತಿತ್ತು."

"ಹೇಳಲಿಲ್ವಾ?"

"ಬಚ್ಚಲಿಗೆ ಹೋಗಿ ಮುಖ ತೊಳ್ಕೊಂಡು ಬಂದೆ. ಬಂದಾಗ ಅವರು ಹೋಗಿಬಿಟ್ಟಿದ್ರು."

ನನಗೆ ಅವಳ ಮೇಲೆ ಕನಿಕರ ಬರಬೇಕಿತ್ತು, ಸಿಟ್ಟು ಬಂತು. ಬಾಗಿಲು ಪಕ್ಕದಲ್ಲಿ ನಿಂತು ಅಷ್ಟು ಕೇಳಿಸಿಕೊಂಡೂ ಬಾಯಿ ಬಿಡದವಳು ನಮಗೆಲ್ಲ ಫೋಟೋ ನೆಟ್ಟಗಿಡುವ ಪಾಠ ಹೇಳುತ್ತಾಳಲ್ಲ! ಮರುಗಳಿಗೆ ನನ್ನಮ್ಮನ ನೆನಪಾಯಿತು. ಅವಳ ಓದು, ಅವಳ ಕೆಲಸ, ನನ್ನ ಶಾಲೆಯ ಫೀಸು, ಎಲ್ಲವೂ ಆ ಒಂದು ಸುಳ್ಳಿನ ಮೇಲೆ ನಿಂತದ್ದು. ನನ್ನ ಸಿಟ್ಟು ಎಲ್ಲಿ ಹೋಗಿ ಕೂರಬೇಕೋ ತಿಳಿಯದೆ ಯಂತ್ರದ ಮೇಲಿನ ಧೂಳು ಒರೆಸಿದೆ.

"ಈಗ ಹೋಗಿ ಹೇಳಿದ್ರೆ ಏನು ಬಂತು ದೊಡ್ಡಮ್ಮ? ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ. ಹಳೇ ಗಾಯ ಕೆರೆದ ಹಾಗಾಗುತ್ತೆ. ಬೇಡ, ಬಿಡು."

"ನನ್ನ ಮಾನದ ಮಾತಲ್ಲ ಕಣೇ ಇದು. ಅವಳು ಇನ್ನೂ ತನ್ನ ಗಂಟಲನ್ನೇ ಬೈಕೊಂಡು ಕೂತಿದಾಳೆ. ಹಾಗೇ ಸತ್ತುಹೋದ್ರೆ?"

ಹಾಗಾದರೆ ನಾನೂ ಬರುತ್ತೇನೆ ಎಂದೆ.

ಬರಿಗೈಯಲ್ಲಿ ಹೋಗಿ ಬಾಯಿಮಾತಿನಲ್ಲಿ ಹೇಳಿದರೆ ಯಾರು ನಂಬುತ್ತಾರೆ? ಸಮಾಧಾನಕ್ಕೆ ಹೇಳುತ್ತಿದ್ದಾರೆ ಎಂದುಕೊಂಡಾರು. ಕೇಳಿಸಿಯೇ ತೋರಿಸಬೇಕು ಎಂದಳು ದೊಡ್ಡಮ್ಮ. ತೂತನ್ನು ಚೂರು ಅಗಲ ಮಾಡಿದರೆ ರೆಕಾರ್ಡನ್ನು ಆಚೀಚೆ ಸರಿಸಿ ನಿಜವಾದ ನಡುವಿಗೆ ಕೂರಿಸಬಹುದು. ಅದಕ್ಕೆ ಬೇಕಾದದ್ದು ಒಂದು ಗುಂಡು ಅರ, ಮತ್ತು ನಮ್ಮ ಮನೆಯವರ ಆ ರೆಕಾರ್ಡು.

ಆಹಾ, ಆ ದೃಶ್ಯ! "ಅರ ಹಾಕ್ತೀರಾ? ಇದಕ್ಕಾ?" ಎಂದು ನಮ್ಮ ಮನೆಯವರು ರೆಕಾರ್ಡನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. "ದೊಡ್ಡಮ್ಮ, ಬೇಕಾದ್ರೆ ನನ್ನ ಕಿವಿಗೇ ಅರ ಹಾಕಿ. ಇದು ಸಿಗೋದು ಹುಲಿ ಹಾಲು ಸಿಕ್ಕಿದ ಹಾಗೆ. ಅದೂ ಅಲ್ದೆ, ಆ ನಡುಕ ಹೋದ್ರೆ ಹಾಡಲ್ಲಿ ಇನ್ನೇನು ಉಳಿಯುತ್ತೆ?"

"ಅವಳು ಹಾಡಿದ್ದು ಉಳಿಯುತ್ತೆ" ಎಂದಳು ದೊಡ್ಡಮ್ಮ.

ನಮ್ಮ ಮನೆಯವರು ನನ್ನ ಕಡೆ ನೋಡಿದರು. ನಾನು ಹುಬ್ಬು ಗಂಟಿಕ್ಕಿದೆ. ನಮ್ಮ ಮದುವೆಯಲ್ಲಿ ಎಷ್ಟೋ ವಿಷಯ ಹೀಗೇ ತೀರ್ಮಾನವಾಗಿದೆ. ರೆಕಾರ್ಡನ್ನು ಮೇಜಿನ ಮೇಲಿಟ್ಟು, ನೋಡಲಾರೆ ಎಂದು ಹೊರಗೆ ಹೋಗಿ ಬೀದಿಯಲ್ಲಿ ನಿಂತರು. ದೊಡ್ಡಮ್ಮ ಉಸಿರು ಬಿಗಿಹಿಡಿದು ಅರ ತಿರುಗಿಸಿದಳು. ಕಪ್ಪು ಪುಡಿ ಅವಳ ಬೆರಳಿಗೆ ಮೆತ್ತಿಕೊಂಡಿತು. ಮುಗಿಸಿದ ಮೇಲೆ ಪ್ಲೇಯರಿನ ಮೇಲಿಟ್ಟು, ಮುಳ್ಳಿನ ಕೈ ಒಳಗೂ ಹೊರಗೂ ತೂಗುವುದನ್ನು ನೋಡುತ್ತ ರೆಕಾರ್ಡಿನ ಅಂಚನ್ನು ಉಗುರಿನಿಂದ ತಟ್ಟಿದಳು. ಮತ್ತೆ ತಟ್ಟಿದಳು. ತೂಗುವುದು ನಿಂತಿತು. ಸದ್ದು ಮಾತ್ರ ಹಾಕಲಿಲ್ಲ; ಮೊದಲು ಕೇಳಬೇಕಾದವಳು ತಾನಲ್ಲ ಎಂದಳು.

ಭಾನುವಾರ ಮಧ್ಯಾಹ್ನ ಹೊಳೆ ದಾಟಿ ಹೋದೆವು. ಉಲ್ಲನ್ ಅಂಗಡಿ ಮುಚ್ಚಿತ್ತು, ಮನೆ ಅದರ ಮೇಲೆ. ಮೆಟ್ಟಿಲು ಹತ್ತುವಾಗ ಪ್ಲೇಯರು ಹೊತ್ತಿದ್ದ ನಮ್ಮ ಮನೆಯವರು ಏದುಸಿರು ಬಿಡುತ್ತಿದ್ದರು, ದೊಡ್ಡಮ್ಮ ಉಸಿರೇ ಬಿಡುತ್ತಿರಲಿಲ್ಲ. ಬಾಗಿಲು ತೆರೆದವರು ನನಗಿಂತ ತುಸು ದೊಡ್ಡವರು, ಹಾಡುಗಾರ್ತಿಯ ಮಗಳು. ಮೆತ್ತಗೆ ಮಾತಾಡುವವರು, ಕಿವಿಗೊಟ್ಟು ಕೇಳಬೇಕು. ಒಳಗೆ ಕಿಟಕಿಯ ಪಕ್ಕ ಎತ್ತರದ ಹೆಂಗಸೊಬ್ಬರು ಮಡಿಲಲ್ಲಿ ಹೆಣಿಗೆ ಇಟ್ಟುಕೊಂಡು ಕೂತಿದ್ದರು. ನಮ್ಮ ಕೈಯ ಸೂಟ್‌ಕೇಸು ಕಂಡ ಕೂಡಲೇ ಮುಖ ಬಿಗಿಯಾಯಿತು.

"ಕುಣಿಯೋ ಹಾಲಿನವರಾ? ಫೋನಲ್ಲೇ ಹೇಳಿದ್ನಲ್ಲ, ನಾನು ಬರಲ್ಲ ಅಂತ."

"ನಾನು ಹಾಲಿನವಳಲ್ಲಮ್ಮ. ಕಾರ್ಖಾನೆಯವಳು. ನಿಮ್ಮ ರೆಕಾರ್ಡಿಗೆ ತೂತು ಹೊಡೆದೋಳು ನಾನೇ" ಎಂದಳು ದೊಡ್ಡಮ್ಮ.

ಕೂರಿ ಎಂದರೂ ಕೂರಲಿಲ್ಲ. ನಿಂತುಕೊಂಡೇ, ನನಗೆ ಹೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ, ಒಂದಕ್ಷರ ಮೆತ್ತಗೆ ಮಾಡದೆ ಹೇಳಿದಳು. ಗೆರೆ ಅಲ್ಲಾಡಿದ್ದು ಕಂಡಿತ್ತು ಎಂದಳು. ಮೇಸ್ತ್ರಿಗೆ ಹೇಳಿದ ಮಾತನ್ನು ಹೇಳಿದಳು. ಗಾಜಿನ ಬಾಗಿಲಾಚೆ ನಿಂತದ್ದನ್ನೂ ಹೇಳಿದಳು. ತಂಗಿಯ ಓದಿನ ಮಾತು ಮಾತ್ರ ಎತ್ತಲಿಲ್ಲ. ನಾನು ಎತ್ತಲು ಹೋದೆ, ಕಣ್ಣಲ್ಲೇ ಗದರಿದಳು.

ಹಾಡುಗಾರ್ತಿ ಹೆಣಿಗೆಯ ಒಂದು ಸಾಲನ್ನು ಪೂರ್ತಿ ಮುಗಿಸಿದರು. ಆಮೇಲೆ, "ಬ್ಯಾಂಡಿನವರೂ ಹಾಗೇ ಅಂದ್ರು. ನಿನ್ನ ಹಿಂದೆ ಬಂದು ನಮ್ಮ ಟ್ರಂಪೆಟ್ಟೂ ಕೆಟ್ಟುಹೋಯ್ತು ಅಂತ. ಹಾಡಿದಾಗ ತುಂಬಿಕೊಂಡ ಟೇಪು ಹಾಕಿ ನೋಡೋಣ ಅಂದ್ರೆ ಅದನ್ನ ಅಳಿಸಿ ಬೇರೆ ಯಾರ್ದೋ ಹಾಡು ತುಂಬಿಬಿಟ್ಟಿದ್ರು. ಎಲ್ರೂ ಅಂದ ಮೇಲೆ ನಾನು ನಂಬದೆ ಏನು ಮಾಡ್ಲಿ?" ಎಂದರು. ದೊಡ್ಡಮ್ಮನನ್ನೇ ನೋಡುತ್ತ, "ಈಗ ಇದನ್ನೂ ನಂಬಬೇಕಾ?" ಎಂದರು.

"ಬೇಡಮ್ಮ. ಕೇಳಿ" ಎಂದಳು ದೊಡ್ಡಮ್ಮ.

ಮೊದಲು ರೆಕಾರ್ಡನ್ನು ಹಳೆಯ ಜಾಗಕ್ಕೇ ತಳ್ಳಿ ಮುಳ್ಳು ಇಟ್ಟಳು. ಚಪ್ಪಾಳೆ, ಡ್ರಮ್ಮು, ಆ ನಡುಗುವ ದನಿ. ಹಾಡುಗಾರ್ತಿ ಮುಖ ಗೋಡೆಗೆ ತಿರುಗಿಸಿದರು. ದೊಡ್ಡಮ್ಮ ಮುಳ್ಳೆತ್ತಿದಳು. ಉಗುರಿನಿಂದ ಅಂಚು ತಟ್ಟಿದಳು. ಮುಳ್ಳಿನ ಕೈಯನ್ನೇ ನೋಡುತ್ತ ಇನ್ನೊಮ್ಮೆ ತಟ್ಟಿದಳು. ಮತ್ತೆ ಮುಳ್ಳು ಇಳಿಸಿದಳು.

ದನಿ ಬಂತು. ಸಾಲಿನ ಕೊನೆಗೆ ಎಳೆದಳು ಹುಡುಗಿ, ದನಿ ಮೇಲೇರಿತು, ಏರಿದ ಜಾಗದಲ್ಲಿ ನಿಂತಿತು. ಅಲ್ಲಾಡಲಿಲ್ಲ. ಅಷ್ಟು ದಿನ ನಾವು ಕುಣಿದದ್ದು ಬೇರೆಯೇ ಹಾಡಿಗೆ! ನಡುಗುವ ದನಿಯಲ್ಲಿ ಅದು ಬೇಡಿಕೊಳ್ಳುವವಳ ಹಾಡಾಗಿತ್ತು, ಬಾರೋ, ಸತ್ತುಹೋಗುತ್ತೇನೆ ಎನ್ನುವಂಥದ್ದು. ಇವಳು ಬೇಡುತ್ತಿರಲಿಲ್ಲ. ಇವಳಿಗೆ ಸಿಟ್ಟು ಬಂದಿತ್ತು. ಮೆಟ್ಟಿಲ ಮೇಲೆ ನಿನ್ನ ಹೆಜ್ಜೆ ಇಲ್ಲ, ಇಲ್ಲದಿದ್ದರೆ ಬೇಡ, ಹೋಗು ಎನ್ನುತ್ತಿದ್ದಳು. ಹಾಡುಗಾರ್ತಿಯ ತುಟಿಗಳು ಆ ಮಾತುಗಳ ಜೊತೆಯಲ್ಲೇ ಸದ್ದಿಲ್ಲದೆ ಆಡುತ್ತಿದ್ದವು.

"ಇನ್ನೊಂದ್ಸಲ" ಎಂದರು.

ಇನ್ನೊಮ್ಮೆ ಹಾಕಿದಳು. ಮುಗಿಯಿತು.

"ಹಾಗಾದ್ರೆ ನಾನು ಸರಿಯಾಗೇ ಹಾಡಿದ್ದೆ."

"ಸರಿಯಾಗೇ ಹಾಡಿದ್ರಿ."

ನಮ್ಮ ಮನೆಯವರಿಗೆ ಸುಮ್ಮನಿರುವ ಯೋಗ ಬರೆದಿಲ್ಲ. ಒಳ್ಳೆಯದಾಗಲಿ ಎಂದೇ ಬಾಯಿ ಬಿಟ್ಟರು. "ಅಮ್ಮ, ಬೇಜಾರು ಮಾಡ್ಕೋಬೇಡಿ. ಜನಕ್ಕೆ ಆ ನಡುಕ ಅಂದ್ರೆ ಪ್ರಾಣ. ಅದರಿಂದಾನೇ ನಿಮ್ಮನ್ನ ಇವತ್ತಿಗೂ ನೆನೆಸ್ಕೊಳ್ತಾರೆ."

"ನನ್ನನ್ನ ಎಲ್ಲಿ ನೆನೆಸ್ಕೊಳ್ತಾರಪ್ಪ? ನೀವು ಇಷ್ಟು ದಿನ ಕುಣಿದಿದ್ದು ಇವರ ತಪ್ಪಿಗೆ" ಎಂದು ಅವರು ದೊಡ್ಡಮ್ಮನ ಕಡೆ ಕೈ ತೋರಿಸಿದರು. ಸಿಟ್ಟು ಮಾಡಲಿಲ್ಲ, ಲೆಕ್ಕ ಹೇಳಿದಂತೆ ಹೇಳಿದರು. ನಮ್ಮ ಮನೆಯವರು ತಲೆ ತಗ್ಗಿಸಿದರು. ನಾನು ಹೋಗಿ ದೊಡ್ಡಮ್ಮನ ತೋಳು ಹಿಡಿದುಕೊಂಡೆ. ಅವಳು ಬಿಡಿಸಿಕೊಂಡು ಎರಡೂ ಕೈ ಜೋಡಿಸಿದಳು.

"ತಪ್ಪಾಯ್ತಮ್ಮ. ಕ್ಷಮಿಸಿ ಅಂತ ಕೇಳೋಕೂ ನಂಗೆ ಮುಖ ಇಲ್ಲ."

"ನನ್ನ ಮಾತು ಬಿಡಿ. ನಾನು ಅಂಗಡಿ ಇಟ್ಟೆ, ಸಂಸಾರ ಮಾಡ್ದೆ, ಬದುಕ್ಕೊಂಡೆ" ಎಂದರು ಹಾಡುಗಾರ್ತಿ. ಹೆಣಿಗೆಯನ್ನು ಮಡಿಲಿನಿಂದ ಎತ್ತಿ ಪಕ್ಕಕ್ಕೆ ಇಟ್ಟರು. ಅವರ ಕಣ್ಣು ನಮ್ಮನ್ನು ದಾಟಿ ಹಿಂದಕ್ಕೆ ಹೋಯಿತು. ಅಡುಗೆಮನೆಯ ಬಾಗಿಲಲ್ಲಿ ಮಗಳು ಚಹಾದ ತಟ್ಟೆ ಹಿಡಿದು ನಿಂತಿದ್ದರು, ಯಾವಾಗಿನಿಂದಲೋ. "ತಪ್ಪಾಯ್ತು ಅನ್ನೋದನ್ನ ಅವಳಿಗೆ ಹೇಳಿ ನೀವು. ಚಿಕ್ಕೋಳಿದ್ದಾಗ ದಿನಾ ಹಾಡ್ತಿದ್ಲು. ಹಾಡೋಕೆ ಶುರು ಮಾಡಿದ್ರೆ ಸಾಕು, ನಂಗೆ ಆ ರೆಕಾರ್ಡೇ ಕಿವಿಗೆ ಬರ್ತಿತ್ತು. ನನ್ನ ಗಂಟಲೇ ನಿಂಗೂ ಬಂದಿದೆ, ಎಲ್ರೂ ನಗ್ತಾರೆ, ಬಾಯಿ ಮುಚ್ಚು ಅಂತ ಗದರ್ತಿದ್ದೆ. ಒಂದ್ಸಲ ಹೊಡೆದೂ ಇದೀನಿ. ಆಮೇಲೆ ಹಾಡೋದನ್ನೇ ಬಿಟ್ಟುಬಿಟ್ಲು."

ಕೋಣೆಯಲ್ಲಿ ರೆಕಾರ್ಡು ಇನ್ನೂ ಸುಮ್ಮನೆ ತಿರುಗುತ್ತಿತ್ತು. ಅದನ್ನು ನಿಲ್ಲಿಸಲು ಯಾರಿಗೂ ತೋಚಲಿಲ್ಲ.

"ಅಮ್ಮಾ" ಎಂದರು ಮಗಳು, ಅದೇ ಮೆತ್ತಗಿನ ದನಿಯಲ್ಲಿ. "ನಾನು ಚೆನ್ನಾಗಿ ಹಾಡ್ತಿದ್ನಾ?"

ಹಾಡುಗಾರ್ತಿ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಗೊತ್ತಿಲ್ಲ ಮಗಳೇ. ಒಂದು ಹಾಡನ್ನೂ ನಾನು ಪೂರ್ತಿ ಕೇಳ್ಲಿಲ್ಲ."

ದೊಡ್ಡಮ್ಮ ಜೋಡಿಸಿದ ಕೈಯಲ್ಲೇ ಮಗಳ ಕಡೆ ತಿರುಗಿದಳು. ಮಗಳು ಮುಂದೆ ಬಂದು ಲೋಟಗಳನ್ನು ಒಂದೊಂದಾಗಿ ನಮ್ಮ ಮುಂದಿಟ್ಟರು. ಕೊನೆಯದನ್ನು ದೊಡ್ಡಮ್ಮನ ಕೈ ಬಿಡಿಸಿ ಅದರೊಳಗೇ ಇಟ್ಟು, "ಆರಿಹೋಗುತ್ತೆ, ಕುಡೀರಿ" ಎಂದರು. ದೊಡ್ಡಮ್ಮ ನಿಂತುಕೊಂಡೇ ಕುಡಿದಳು.